ತೋಬಿಯಾಸನ ಹಿಂದೆ ಹೊರಟ ನಾಯಿ

ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಒಂದು ತಲೆಮಾರಿನ ಹಿಂದೆ ನಾಯಿಗೆ ಯಾವ ಸ್ಥಾನವಿತ್ತೆಂಬುದನ್ನು ಹಿರಿಯ ಓದುಗರು ಬಲ್ಲರು. ಹಟ್ಟಿಯ ಪಕ್ಕದ ಕಂಬಕ್ಕೆ ಒಂದು ಸರಪಳಿ, ನೆಗ್ಗಿದ ಅಲ್ಯುಮಿನಿಯಂ ತಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿ, ಅದರ ಮೇಲೆ ಮಧ್ಯಾಹ್ನದ ಬಂಗುಡೆಯ ತಲೆ ಮತ್ತು ಮುಳ್ಳು. ಹೆಸರು ಟೈಗರ್, ಅಲ್ಲವಾದರೆ ಟಾಮಿ. ರಾತ್ರಿ ಸರಪಳಿ ಬಿಚ್ಚುವುದು, ಬೆಳಗಾಗುತ್ತಲೇ ಕಟ್ಟುವುದು. ಅದು ಮನೆಯನ್ನು ಕಾಯುತ್ತಿತ್ತೇ ಹೊರತು ಮನೆಗೆ ಸೇರಿದ್ದಾಗಿರಲಿಲ್ಲ. ಮರೆತು ಹೊಸ್ತಿಲು ದಾಟಿತೆಂದರೆ ಅಜ್ಜಿಯ ಕೈಯಲ್ಲಿ ಹಿಡಿಸೂಡಿ ಸಿದ್ಧವಾಗಿರುತ್ತಿತ್ತು. ಬೆಕ್ಕಿನ ಪಾಡು ಸ್ವಲ್ಪ ಮೇಲು. ಅಕ್ಕಿಮುಡಿಗೆ ಇಲಿ ಬಾರದಂತೆ ನೋಡಿಕೊಳ್ಳುವ ಕಾರಣ ಅದಕ್ಕೆ ಅಡುಗೆಮನೆಯ ಒಲೆಯ ಬದಿ ದೊರೆಯುತ್ತಿತ್ತು.

ಆ ಹೊಸ್ತಿಲನ್ನು ನಾಯಿ ಎಂದು ದಾಟಿತೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಇಂದು ಅದು ಚಾವಡಿಯ ಸೋಫಾದ ಮೇಲಿದೆ. ಕ್ರಿಸ್ಮಸ್ ಹಬ್ಬದ ಕುಟುಂಬದ ಚಿತ್ರದಲ್ಲಿ ಮುಂದಿನ ಸಾಲಿನಲ್ಲಿದೆ. ದುಬೈಯಿಂದಲೋ ಟೊರಾಂಟೊದಿಂದಲೋ ಕರೆಮಾಡುವ ಮಗಳು ತಾಯಿಯ ಮಂಡಿನೋವನ್ನು ವಿಚಾರಿಸುವುದಕ್ಕೆ ಮೊದಲು ಅದನ್ನು ಪರದೆಯ ಮುಂದೆ ತರಲು ಹೇಳುತ್ತಾಳೆ. ಸಂಜೆ ದೇವರ ಪೀಠದ ಮುಂದೆ ದೀಪ ಹಚ್ಚಿ ತೇರ್ಸ್ ಆರಂಭಿಸಿದೊಡನೆ ಎಲ್ಲಿದ್ದರೂ ಬಂದು ಚಾಪೆಯ ಅಂಚಿನಲ್ಲಿ ಮಲಗುವ ನಾಯಿಗಳನ್ನು ನಾವೇ ಹಲವು ಮನೆಗಳಲ್ಲಿ ಕಂಡಿದ್ದೇವೆ. ಭಕ್ತಿಯಿಂದಲೆಂದು ನಾವು ಹೇಳುವುದಿಲ್ಲ. ಮನೆಮಂದಿಯೆಲ್ಲ ಒಂದೇ ಕಡೆ ಕುಳಿತುಕೊಳ್ಳುವ ಸಮಯ ದಿನದಲ್ಲಿ ಅದೊಂದೇ ಎಂಬುದನ್ನು ಅದು ಕಂಡುಕೊಂಡಿರಬೇಕು.

ಜಗದ್ಗುರು ಫ್ರಾನ್ಸಿಸರು 2022ರ ಜನವರಿಯಲ್ಲಿ ಸಂತ ಜೋಸೆಫರನ್ನು ಕುರಿತು ಉಪದೇಶಿಸುವಾಗ, ಮಕ್ಕಳನ್ನು ಬೇಡವೆಂದು ಅಥವಾ ಒಂದೇ ಸಾಕೆಂದು ನಿಶ್ಚಯಿಸಿ ಎರಡು ನಾಯಿ, ಎರಡು ಬೆಕ್ಕುಗಳನ್ನು ಸಾಕಿಕೊಳ್ಳುವ ದಂಪತಿಗಳ ಬಗ್ಗೆ ಆಡಿದ ಮಾತು ಲೋಕದಾದ್ಯಂತ ಚರ್ಚೆಗೆ ಕಾರಣವಾಯಿತು. 2025ರಲ್ಲಿ ನಮ್ಮನ್ನು ಅಗಲಿದ ಆ ಜಗದ್ಗುರುಗಳು ಪ್ರಾಣಿದ್ವೇಷಿಯಾಗಿರಲಿಲ್ಲ. ಅಸ್ಸಿಸಿಯ ಸಂತನ ಹೆಸರನ್ನು ತಾವಾಗಿ ಆರಿಸಿಕೊಂಡವರು, 2015ರಲ್ಲಿ 'ಲೌದಾತೊ ಸಿ' ಎಂಬ ವಿಶ್ವಪತ್ರದ ಮೂಲಕ ಸೃಷ್ಟಿಯ ಪರವಾಗಿ ಮಾತನಾಡಿದವರು. ಅವರ ಚಿಂತೆ ಬರಿದಾಗುತ್ತಿರುವ ತೊಟ್ಟಿಲುಗಳ ಕುರಿತಾಗಿತ್ತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಊರಿನ ಮನೆಗಳನ್ನು ಹೊಕ್ಕು ನೋಡಿದರೆ ಕಾಣುವುದು ಬೇರೆಯೇ ಚಿತ್ರ. ಇಲ್ಲಿ ಮಕ್ಕಳು ಹುಟ್ಟಿದ್ದಾರೆ, ಓದಿದ್ದಾರೆ, ಕೊಲ್ಲಿ ರಾಷ್ಟ್ರಗಳಿಗೋ ಬೆಂಗಳೂರಿಗೋ ಕೆನಡಾಕ್ಕೋ ಹೋಗಿದ್ದಾರೆ. ನಾಲ್ಕು ಕೋಣೆಗಳ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಕೆಲವೊಮ್ಮೆ ಒಬ್ಬರೇ ಉಳಿದಿದ್ದಾರೆ. ನಮ್ಮ ಕಡೆಯ ನಾಯಿ ಹುಟ್ಟದ ಮಗುವಿನ ಜಾಗಕ್ಕೆ ಬಂದುದಕ್ಕಿಂತ ಹೆಚ್ಚಾಗಿ ಹೊರಟುಹೋದ ಮಗುವಿನ ಜಾಗಕ್ಕೆ ಬಂದಿದೆ. ಎಷ್ಟೋ ಮನೆಗಳಲ್ಲಿ ಆ ಮರಿಯನ್ನು ತಂದು ಬಿಟ್ಟವನೂ ರಜೆಯಲ್ಲಿ ಬಂದ ಮಗನೇ.

ಇನ್ನು ಪವಿತ್ರ ಗ್ರಂಥದ ಮಾತು. ಬೈಬಲಿನಲ್ಲಿ ನಾಯಿಗೆ ಗೌರವ ಕಡಿಮೆ. ಬಹುಪಾಲು ಅದು ಬೈಗುಳವಾಗಿಯೇ ಬರುತ್ತದೆ. ಪ್ರಕಟನಾ ಗ್ರಂಥದ ಕೊನೆಯ ಅಧ್ಯಾಯದಲ್ಲಂತೂ ನಾಯಿಗಳು ಪವಿತ್ರ ನಗರದ ಹೊರಗುಳಿಯುತ್ತವೆ. ಹಾಗಿದ್ದರೂ ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹುಣ್ಣುಗಳ ಬಳಿಗೆ ಬಂದವು ನಾಯಿಗಳೇ. ಪ್ರವಾದಿ ನಾತಾನನು ಅರಸ ದಾವೀದನ ಪಾಪವನ್ನು ಬಯಲಿಗೆಳೆಯಲು ಹೇಳಿದ ಕಥೆಯೂ ಒಂದು ಸಾಕುಪ್ರಾಣಿಯ ಕಥೆಯೇ. ಬಡವನೊಬ್ಬನ ಬಳಿ ಒಂದೇ ಒಂದು ಕುರಿಮರಿ. ಅದು ಅವನ ತುತ್ತಿನಲ್ಲಿ ತಿಂದು, ಅವನ ಬಟ್ಟಲಲ್ಲಿ ಕುಡಿದು, ಎದೆಗೊರಗಿ ಮಲಗಿ ಮಗಳಂತೆ ಬೆಳೆದಿತ್ತು. ಶ್ರೀಮಂತನು ತನ್ನ ಅತಿಥಿಯ ಊಟಕ್ಕಾಗಿ ಅದನ್ನು ಕಸಿದುಕೊಂಡನೆಂದು ಕೇಳಿದ ಅರಸ ಕೋಪದಿಂದ ಉರಿದೆದ್ದ. ಕುರಿಮರಿಯನ್ನು ಮಗಳೆಂದು ಎಣಿಸಿದ್ದು ಅವನಿಗೆ ನಗುವ ವಿಷಯವಾಗಿ ತೋರಲಿಲ್ಲ.

ಎಲ್ಲಕ್ಕಿಂತ ನಮಗೆ ಪ್ರಿಯವಾದದ್ದು ತೋಬಿತನ ಗ್ರಂಥದ ನಾಯಿ. ಈ ಗ್ರಂಥ ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಬೈಬಲಿನ ಸಾಲಿನಲ್ಲಿಲ್ಲ. ಹೀಗಾಗಿ ಈ ನಾಯಿ ಒಂದರ್ಥದಲ್ಲಿ ನಮ್ಮ ಮನೆಯದೇ. ನಿನೆವೆಯಲ್ಲಿ ಕುರುಡನಾಗಿ ಕುಳಿತ ತಂದೆ, ದೂರದ ಮೇದ್ಯ ದೇಶದಲ್ಲಿ ಇಟ್ಟಿದ್ದ ಬೆಳ್ಳಿಯನ್ನು ತರಲು ಮಗ ತೋಬಿಯಾಸನನ್ನು ಕಳುಹಿಸುತ್ತಾನೆ. ದೇವದೂತ ರಫಾಯೇಲ್ ಮನುಷ್ಯವೇಷದಲ್ಲಿ ಜೊತೆಗೆ ಹೊರಡುತ್ತಾನೆ. ಅವರಿಬ್ಬರ ಹಿಂದೆ ಆ ಯುವಕನ ನಾಯಿಯೂ ಹೊರಟಿತೆಂದು ಗ್ರಂಥ ಹೇಳುತ್ತದೆ. ಅದಕ್ಕೆ ಹೆಸರಿಲ್ಲ. ಅದು ಯಾರನ್ನೂ ರಕ್ಷಿಸುವುದಿಲ್ಲ, ಕಥೆಯಲ್ಲಿ ಅದಕ್ಕೊಂದು ಕೆಲಸವೂ ಇಲ್ಲ. ಮದುವೆ ಮುಗಿದು, ಬೆಳ್ಳಿ ಕೈಸೇರಿ, ಮರಳಿ ಮನೆಯನ್ನು ಸಮೀಪಿಸುವಾಗ ಮಾತ್ರ ಮತ್ತೆ ಕಾಣಿಸಿಕೊಳ್ಳುತ್ತದೆ. ಸಂತ ಜೆರೋಮರ ಲ್ಯಾಟಿನ್ ಭಾಷಾಂತರದಲ್ಲಿ ಅದು ಎಲ್ಲರಿಗಿಂತ ಮುಂದೆ ಓಡಿ, ಬಾಲ ಅಲ್ಲಾಡಿಸುತ್ತ, ಮಗ ಬಂದನೆಂಬ ಸುದ್ದಿಯನ್ನು ತಂದ ದೂತನಂತೆ ಬರುತ್ತದೆ. ಮಗ ಹೊರಟಾಗ ಹೊರಟಿತು, ಮಗ ಮರಳಿದಾಗ ಮರಳಿತು. ಅಷ್ಟೇ ಅದರ ವೃತ್ತಾಂತ.

ಈ ಭಾಗವನ್ನು ಓದುವಾಗಲೆಲ್ಲ ನಮಗೆ ನಮ್ಮ ಮನೆಯ ರಾಜು ನೆನಪಾಗುತ್ತಾನೆ. ಅವನ ವಿಷಯ ಹೇಳದೆ ಇತರರಿಗೆ ಬುದ್ಧಿ ಹೇಳಹೊರಡುವುದು ಪ್ರಾಮಾಣಿಕವಲ್ಲ. ತಂದೆಯವರು ತೀರಿಕೊಂಡ ಮರುವರ್ಷ, 2009ರಲ್ಲಿ, ನಾವು ಹಳ್ಳಿಯ ಮನೆಗೆ ಬೀಗಹಾಕಿ ಪಟ್ಟಣದ ಫ್ಲ್ಯಾಟಿಗೆ ಬಂದೆವು. ಮೂರನೆಯ ಅಂತಸ್ತು, ಹನ್ನೊಂದು ವರ್ಷದ ನಾಟಿ ನಾಯಿಯನ್ನು ಅಲ್ಲಿ ಹೇಗೆ ಇಟ್ಟುಕೊಳ್ಳುವುದೆಂದು ಎಲ್ಲರೂ ಕೇಳಿದರು, ನಾವೂ ಕೇಳಿಕೊಂಡೆವು. ಎರಡು ಗದ್ದೆಗಳಾಚೆಯ ನೆರೆಮನೆಯವರಿಗೆ ಅರ್ಧ ಮೂಟೆ ಅಕ್ಕಿಯನ್ನೂ ಸ್ವಲ್ಪ ಹಣವನ್ನೂ ಕೊಟ್ಟು ಅವನನ್ನು ಒಪ್ಪಿಸಿದೆವು. ಒಳ್ಳೆಯ ಏರ್ಪಾಡು ಮಾಡಿದೆವೆಂದೇ ಭಾವಿಸಿದ್ದೆವು. ನಾಲ್ಕನೆಯ ದಿನ ಅವನು ಹಗ್ಗ ಕಡಿದು ಬೀಗಹಾಕಿದ ಮನೆಯ ಜಗಲಿಗೆ ಮರಳಿದ. ನೆರೆಯವರು ಮೂರು ಬಾರಿ ಎಳೆದೊಯ್ದು, ಕೊನೆಗೆ ಗಂಜಿಯನ್ನೇ ಅಲ್ಲಿಗೆ ಕೊಂಡುಹೋಗಿ ಇಟ್ಟರು. ಒಂದು ತಿಂಗಳ ನಂತರ ತೆಂಗಿನಕಾಯಿ ಕೀಳಿಸಲೆಂದು ನಾವು ಹೋದಾಗ ಅವನು ಗೇಟಿನವರೆಗೆ ಓಡಿಬಂದ. ಬೊಗಳಲಿಲ್ಲ. ಬಾಲ ಅಲ್ಲಾಡಿಸಿದ. ಸಂಜೆ ನಾವು ಹೊರಡುವ ಹೊತ್ತಿಗೆ ಕಾರಿನ ಬಾಗಿಲ ಬಳಿ ಹೋಗಿ ಕುಳಿತಿದ್ದ. ಅವನನ್ನು ಬದಿಗೆ ಸರಿಸಿ ನಾವು ಬಾಗಿಲು ಹಾಕಿಕೊಂಡೆವು. ಆಟಿಯ ಮಳೆಯಲ್ಲಿ ಅವನು ಅದೇ ಜಗಲಿಯಲ್ಲಿ ಸತ್ತನೆಂದೂ ಹಲಸಿನ ಮರದ ಬುಡದಲ್ಲಿ ಹೂಳಿದೆವೆಂದೂ ನೆರೆಯವರು ಫೋನಿನಲ್ಲಿ ತಿಳಿಸಿದರು. ಮೂರನೆಯ ಅಂತಸ್ತಿನಲ್ಲಿ ನಾಯಿ ಸಾಕಿದ ಎರಡು ಕುಟುಂಬಗಳು ಆಗಲೇ ನಮ್ಮ ಕಟ್ಟಡದಲ್ಲಿದ್ದವು.

ಮನೆಯ ಸದಸ್ಯನೆಂದು ಕರೆಯುವುದು ಸುಲಭ. ಮನೆ ಬದಲಾಗುವಾಗ, ವೀಸಾ ಬಂದಾಗ, ಯಜಮಾನ ಹಾಸಿಗೆ ಹಿಡಿದಾಗ ಆ ಮಾತು ಎಷ್ಟು ನಿಲ್ಲುತ್ತದೆಂಬುದು ಪ್ರಶ್ನೆ. ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ಗೋಣಿಚೀಲದಲ್ಲಿ ಬಿಟ್ಟುಹೋಗುವ ಹೆಣ್ಣುಮರಿಗಳು ಯಾವುದೋ ಮನೆಯಿಂದಲೇ ಬಂದವು. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಆದರೆ ಮೊದಲ ಬಾರಿಗೆ ಆ ಕಾಯಿದೆ ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ನಾಯಿಯ ಬಿಸ್ಕತ್ತಿನ ಪೊಟ್ಟಣಕ್ಕೆ ಅದಕ್ಕಿಂತ ಹೆಚ್ಚು ಬೆಲೆಯಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಗಳನ್ನು ಬಿಡುವ ಪ್ರಮೇಯವೇ ಬಾರದು. ಮನುಷ್ಯರ ಕುಟುಂಬಯೋಜನೆಯ ಬಗೆಗಿನ ಧರ್ಮಸಭೆಯ ಬೋಧನೆಯನ್ನು ನಾಯಿಗೂ ಅನ್ವಯಿಸಿ ಹಿಂಜರಿಯುವ ಕೆಲವು ಭಕ್ತರನ್ನು ನಾವು ಬಲ್ಲೆವು. ಅಂಥ ಹಿಂಜರಿಕೆಗೆ ಆಧಾರವಿಲ್ಲ. ರೇಬೀಸ್ ಚುಚ್ಚುಮದ್ದಂತೂ ಮರಿಗೆ ಮೂರು ತಿಂಗಳಾದೊಡನೆ ಆಗಲೇಬೇಕು. ಆ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನಿಗಾಗಲಿ ನಾಯಿಗಾಗಲಿ ಬದುಕುವ ಆಸೆ ಇಲ್ಲವೆನ್ನಬಹುದು.

ಅತಿರೇಕಗಳೂ ಇಲ್ಲದಿಲ್ಲ. ಹಿಮದ ನಾಡಿನ ಹಸ್ಕಿಯನ್ನು ತಂದು ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಸಾಕುವುದು ಪ್ರೀತಿಯೋ ಪ್ರತಿಷ್ಠೆಯೋ ಎಂದು ಕೇಳಬೇಕಾಗುತ್ತದೆ. 1992ರಲ್ಲಿ ಪ್ರಕಟಗೊಂಡ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಹದವಾಗಿ ಮಾತನಾಡುತ್ತದೆ. ಪ್ರಾಣಿಗಳಿಗೆ ನಾವು ಕರುಣೆ ತೋರಬೇಕಾದದ್ದು ಬಾಧ್ಯತೆ. ಅವುಗಳನ್ನು ವೃಥಾ ನರಳಿಸುವುದು ಮನುಷ್ಯನ ಘನತೆಗೆ ವಿರುದ್ಧ. ಹಾಗೆಯೇ ಬಡವರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯುವುದು, ಮನುಷ್ಯರಿಗಷ್ಟೇ ಸಲ್ಲುವ ಮಮತೆಯನ್ನು ಅವುಗಳಿಗೆ ತಿರುಗಿಸುವುದು ಸರಿಯಲ್ಲ. ಧರ್ಮಸಭೆಯ ಆಶೀರ್ವಾದಗಳ ಗ್ರಂಥದಲ್ಲಿ ಪ್ರಾಣಿಗಳ ಆಶೀರ್ವಾದಕ್ಕೆ ಪ್ರತ್ಯೇಕ ವಿಧಿಯೇ ಇದೆ. ರೋಮಿನಲ್ಲಿ ಮಠವಾಸಿ ಸಂತ ಅಂತೋನಿಯವರ ಹಬ್ಬವಾದ ಜನವರಿ 17ರಂದು ಜನರು ನಾಯಿ, ಬೆಕ್ಕು, ಕುದುರೆಗಳನ್ನು ಕರೆತರುತ್ತಾರೆ. ಅಕ್ಟೋಬರ್ 4ರ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದಂದು ನಮ್ಮ ಧರ್ಮಕೇಂದ್ರಗಳಲ್ಲೂ ಅಂಥದೊಂದು ಆಶೀರ್ವಾದ ನಡೆದರೆ ನಾವು ಸಂತೋಷಪಡುತ್ತೇವೆ. ಅದೇ ದಿನ ಚರ್ಚಿನ ಆವರಣದಲ್ಲಿ ಪಶುವೈದ್ಯರೊಬ್ಬರು ಚುಚ್ಚುಮದ್ದಿನೊಂದಿಗೆ ಕುಳಿತಿದ್ದರೆ ಇನ್ನೂ ಹೆಚ್ಚು.

ನಮ್ಮ ವಾಳೆಯ ಬಾಯಿಯೊಬ್ಬರಿಗೆ ಎಪ್ಪತ್ತನಾಲ್ಕು ವರ್ಷ. ಇಬ್ಬರು ಗಂಡುಮಕ್ಕಳು, ಒಬ್ಬ ಕುವೈತಿನಲ್ಲಿ, ಒಬ್ಬ ಕೆನಡಾದಲ್ಲಿ. ಕಳೆದ ವರ್ಷ ಸೊಂಟದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರುವ ಮುನ್ನ ಅವರು ಮನೆಯ ಲೆಕ್ಕದ ಪುಸ್ತಕದ ಹಿಂಬದಿಯ ಪುಟದಲ್ಲಿ ತಮ್ಮ ನಾಯಿಯ ವಿವರ ಬರೆದರು: ಊಟ ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ; ಮೀನಿನ ಮುಳ್ಳು ಕೊಡಕೂಡದು; ಸಿಡಿಲಿಗೆ ಹೆದರುತ್ತದೆ, ಒಳಗೆ ಬಿಡಬೇಕು; ಮುಂದಿನ ಚುಚ್ಚುಮದ್ದು ಜೂನಿನಲ್ಲಿ. ತಾವು ಮರಳಿ ಬಾರದಿದ್ದರೆ ನಾಯಿ ತಂಗಿಯ ಮಗನಿಗೆ ಎಂದು ಬರೆದು, ಅವನನ್ನು ಕರೆಸಿ ಸಹಿ ಹಾಕಿಸಿದರು. ಸಾಕ್ಷಿಗೆ ವಾಳೆಯ ಗುರಿಕಾರರ ಸಹಿಯೂ ಬಿತ್ತು. "ಬಾಯಿ, ಜಮೀನಿನ ವೀಲುನಾಮೆ ಇನ್ನೂ ಆಗಿಲ್ಲವಲ್ಲ" ಎಂದು ಅವರು ನಕ್ಕರಂತೆ. "ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರಂತೆ ಈಕೆ. ಹದಿನೇಳನೆಯ ದಿನ ಆಟೋರಿಕ್ಷಾದಲ್ಲಿ ಬಂದಿಳಿದರು. ಆ ಪುಟವನ್ನು ಅವರು ಹರಿದು ಹಾಕಿಲ್ಲ. ಜೂನಿನ ಚುಚ್ಚುಮದ್ದಿನ ಎದುರು ಸರಿ ಗುರುತು ಹಾಕಿ, ಕೆಳಗೆ ಈ ವರ್ಷದ ದಿನಾಂಕ ಬರೆದಿಟ್ಟಿದ್ದಾರೆ.