ಇಂದಿನ ವೇಗದ ಕಾರು ನಾಳಿನ ನಿಧಿಯೇ?

"ಈ ಕಾರಿಗೆ ಮುಂದೆ ಚಿನ್ನದ ಬೆಲೆ ಬರುತ್ತದೆ" ಎಂದು ಮಗ ಹಟ ಹಿಡಿದರೆ ನೀವೇನು ಹೇಳುತ್ತೀರಿ? ಅವನ ಮಾತು ಪೂರ್ತಿ ಸುಳ್ಳಲ್ಲ. ಬ್ರಿಟನ್ನಿನ ಮೆಕ್‌ಲಾರೆನ್ ಎಫ್-1 ಕಾರನ್ನೇ ನೋಡಿ. 1992ರಿಂದ 1998ರವರೆಗೆ ತಯಾರಾದದ್ದು ಕೇವಲ 106. ಅವುಗಳಲ್ಲೊಂದು 2021ರಲ್ಲಿ ಅಮೆರಿಕದ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅದು ಓಡಿದ್ದು 400 ಕಿ.ಮೀ.ಗಿಂತಲೂ ಕಡಿಮೆ!

ಆದರೆ ಬೆಲೆ ತರುವುದು ವೇಗವೊಂದೇ ಅಲ್ಲ, ವಿರಳತೆ. ಸಾವಿರಗಟ್ಟಲೆ ತಯಾರಾಗುವ ಕಾರು ಷೋರೂಮಿನಿಂದ ಹೊರಬಂದ ದಿನವೇ ಬೆಲೆ ಕಳೆದುಕೊಳ್ಳತೊಡಗುತ್ತದೆ.

ಇನ್ನೊಂದು ತೊಡಕೂ ಇದೆ. ಹಳೆಯ ಕಾರಿನ ಸವೆದ ಭಾಗವನ್ನು ಲೇತಿನಲ್ಲಿ ಕಡೆದು ಕೂರಿಸಬಹುದು. ಇಂದಿನ ಕಾರಿನ ಜೀವವಿರುವುದು ಕಂಪ್ಯೂಟರಿನಲ್ಲಿ. ಎಫ್-1ರ ದುರಸ್ತಿಗಾಗಿ ಕಂಪನಿಯು 1990ರ ದಶಕದ ಕಾಂಪ್ಯಾಕ್ ಲ್ಯಾಪ್‌ಟಾಪ್‌ಗಳನ್ನು ಎರಡು ದಶಕಗಳ ನಂತರವೂ ಜೋಪಾನ ಮಾಡಬೇಕಾಯಿತು. ಕಾರಿನೊಡನೆ ಮಾತಾಡಬಲ್ಲ ವಿಶೇಷ ಕಾರ್ಡ್ ಆ ಹಳೆಯ ಯಂತ್ರಗಳಿಗಷ್ಟೇ ಹೊಂದುತ್ತಿತ್ತು. ಕೋಟಿಗಟ್ಟಲೆ ಬೆಲೆಯ 106 ಕಾರುಗಳಿಗಾಗಿ ಪಟ್ಟ ಈ ಪಾಡನ್ನು ನಿಮ್ಮ ಮನೆಯ ಕಾರಿಗಾಗಿ ಯಾರು ಪಡುತ್ತಾರೆ?

ಕೈಯಲ್ಲಿ ಹಣವಿದ್ದು ಇಷ್ಟವಾದರೆ ಕೊಳ್ಳಿ, ಜಾಗರೂಕತೆಯಿಂದ ಓಡಿಸಿ, ಸಂತೋಷಪಡಿ. ಆದರೆ ಮಕ್ಕಳ ಓದಿಗೆ ಕೂಡಿಟ್ಟ ಹಣವನ್ನು ಅದಕ್ಕೆ ಸುರಿದು, ಉಳಿತಾಯ ಮಾಡಿದೆವೆಂದು ಮಾತ್ರ ಸಮಾಧಾನ ಪಟ್ಟುಕೊಳ್ಳಬೇಡಿ.