ಗಾಡಿ ತಪ್ಪಿದರೂ ಗೆಳೆತನ ತಪ್ಪದು

ಊರಿನಿಂದ ಮುಂಬಯಿಗೆ ಹೊಸದಾಗಿ ಬಂದವರಿಗೆ ನಾವು ಇರಲು ಜಾಗ ನೋಡಿಕೊಡುತ್ತೇವೆ, ನೌಕರಿಯ ದಾರಿ ತೋರಿಸುತ್ತೇವೆ. ಲೋಕಲ್ ಗಾಡಿಯಲ್ಲಿ ಹೇಗಿರಬೇಕೆಂಬುದನ್ನು ಮಾತ್ರ ‘ನಾಲ್ಕು ದಿನ ಹೋದರೆ ತಾನಾಗಿಯೇ ಗೊತ್ತಾಗುತ್ತದೆ’ ಎಂದು ಬಿಟ್ಟುಬಿಡುತ್ತೇವೆ. ಅಪಾಯವಿರುವುದು ಆ ನಾಲ್ಕು ದಿನಗಳಲ್ಲೇ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿತು. ಅಂದಿನಿಂದ ಈ ಮಹಾನಗರ ಹಳಿಗಳ ಗುಂಟವೇ ಬೆಳೆಯಿತು. ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಮನೆ, ಫೋರ್ಟಿನಲ್ಲಿ ಕೆಲಸ. ದಿನಕ್ಕೆ ಎರಡು ಮೂರು ತಾಸು ಗಾಡಿಯಲ್ಲೇ ಕಳೆಯುವವರಿಗೆ ಅದು ಎರಡನೆಯ ಮನೆ. ಒಂದೇ ವೇಳೆಯ ಗಾಡಿ, ಒಂದೇ ಬೋಗಿ ಹಿಡಿಯುತ್ತಿದ್ದರೆ ಹದಿನೈದು ದಿನಗಳಲ್ಲಿ ಮುಖಪರಿಚಯವಾಗುತ್ತದೆ. ‘ಎಲ್ಲಿ ಇಳಿಯುತ್ತೀರಿ?’ ಎಂಬ ಪ್ರಶ್ನೆ ಸೀಟಿಗಾಗಿ ಹುಟ್ಟಿದರೂ ಎಷ್ಟೋ ಸ್ನೇಹಗಳಿಗೆ ಅದೇ ನಾಂದಿ. ಆಮೇಲೆ ಭಜನೆ, ಇಸ್ಪೀಟು, ಸಂಜೆಯ ಗಾಡಿಯಲ್ಲಿ ತರಕಾರಿ ಬಿಡಿಸುವುದು, ಅರಿಸಿನ ಕುಂಕುಮ, ದಸರೆಗೆ ಬೋಗಿಯ ಪೂಜೆ. ಭಾಷೆ, ಜಾತಿ, ಸಂಬಳ ಯಾವುದೂ ಅಡ್ಡ ಬರುವುದಿಲ್ಲ.

ಈ ಪರಿಚಯವೇ ಒಂದು ರಕ್ಷಣೆ. ತಲೆಸುತ್ತಿ ಬಂದರೆ ಕೂರಿಸಿ ನೀರು ಕೊಡುವವರು, ಎರಡು ದಿನ ಕಾಣದಿದ್ದರೆ ವಿಚಾರಿಸುವವರು ಅವರೇ. 1992ರ ಮೇ 5ರಂದು ಚರ್ಚ್‌ಗೇಟ್–ಬೋರಿವಲಿ ನಡುವೆ ಇಡೀ ಗಾಡಿಯೇ ಮಹಿಳೆಯರಿಗೆ ಮೀಸಲಾದ ‘ಲೇಡೀಸ್ ಸ್ಪೆಷಲ್’ ಆರಂಭವಾಯಿತು. ಅದರಿಂದ ನಮ್ಮ ಹೆಣ್ಣುಮಕ್ಕಳಿಗೆ ನಿಲ್ಲಲು ಜಾಗವಷ್ಟೇ ಅಲ್ಲ, ಸುಖದುಃಖ ಹೇಳಿಕೊಳ್ಳಲು ಗೆಳತಿಯರೂ ದೊರೆತರು.

ಆದರೆ ಇದೇ ಸ್ನೇಹಕ್ಕೆ ಇನ್ನೊಂದು ಮುಖವಿದೆ. ‘ನಮ್ಮ ಗ್ರೂಪಿನ ಗಾಡಿ’ ತಪ್ಪಬಾರದೆಂದು ಹಳಿ ದಾಟುವವರು, ಹೊರಟ ಗಾಡಿಗೆ ಹಾರುವವರು ಎಷ್ಟು ಮಂದಿ! ಹಳಿ ದಾಟುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧವೂ ಹೌದು. 2025ರ ಜೂನ್ 9ರಂದು ಮುಂಬ್ರಾ ಬಳಿ, ಎದುರುಬದುರಾಗಿ ಸಾಗಿದ ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡರು. ಅವರು ಮೋಜಿಗಾಗಿ ನೇತಾಡಿದವರಲ್ಲ, ಹೊಟ್ಟೆಪಾಡಿಗೆ ಹೊರಟವರು. ಗಾಡಿಗಳು ಸಾಲದೆಂಬುದು ನಿಜ. ಆದರೂ ‘ಬಾ, ಹತ್ತು!’ ಎಂದು ಬಾಗಿಲಿನಿಂದ ಕೈಚಾಚುವವನಿಗಿಂತ ‘ಮುಂದಿನದಕ್ಕೆ ಬಾ’ ಎನ್ನುವವನೇ ನಿಜವಾದ ಗೆಳೆಯ. ಹಾಗೆಯೇ ತಮ್ಮವರಿಗಾಗಿ ಸೀಟು ಹಿಡಿದಿಟ್ಟು ಅಪರಿಚಿತರನ್ನು ಗದರಿಸುವುದು ಸ್ನೇಹವಲ್ಲ, ದಬ್ಬಾಳಿಕೆ. ನಾವೂ ಒಂದು ದಿನ ಅಪರಿಚಿತರಾಗಿಯೇ ಹತ್ತಿದವರಲ್ಲವೆ?

ಹೊಸಬರು ಕೆಲವು ಮಾತು ನೆನಪಿಡಬೇಕು. ಗಾಡಿ ಪೂರ್ತಿ ನಿಂತ ಮೇಲೆಯೇ ಇಳಿಯಿರಿ. ನೂಕುನುಗ್ಗಲಿನಲ್ಲಿ ಚೀಲ ಎದೆಯ ಮುಂದಿರಲಿ. ಬಾಗಿಲಲ್ಲಿ ನಿಂತು ಮೊಬೈಲ್ ನೋಡಬೇಡಿ. ಹೊರಗಿನಿಂದ ಕೋಲಿನಲ್ಲಿ ಕೈಗೆ ಹೊಡೆದು ಅದನ್ನು ಬೀಳಿಸುವ ಕಳ್ಳರಿದ್ದಾರೆ. ಬಿದ್ದ ಮೊಬೈಲಿಗಾಗಿ ಗಾಡಿಯಿಂದ ಹಾರಬೇಡಿ. ಕೆಲವು ಮಹಿಳಾ ಬೋಗಿಗಳು ರಾತ್ರಿ ಎಲ್ಲರಿಗೂ ತೆರೆದಿರುತ್ತವೆ. ಹೊರಗೆ ಬರೆದ ವೇಳೆಯನ್ನು ಓದಿಯೇ ಹತ್ತಿರಿ. ತಡರಾತ್ರಿ ಖಾಲಿ ಬೋಗಿಗಿಂತ ಜನರಿರುವ ಬೋಗಿ ಮೇಲು. ಸಹಾಯಕ್ಕೆ ರೈಲ್ವೆಯ 139 ಇದೆ. ಸ್ನೇಹವೂ ಹಂತಹಂತವಾಗಿ ಬೆಳೆಯಲಿ: ಮಾತು ಇಂದೇ ಆಗಲಿ, ಮನೆಯ ವಿಳಾಸ ಮತ್ತು ಹಣದ ವ್ಯವಹಾರಕ್ಕೆ ಅವಸರ ಬೇಡ.

ಹಳಬರಲ್ಲಿ ಒಂದು ವಿನಂತಿ. ನಿಮ್ಮ ಕಟ್ಟಡಕ್ಕೋ ಕಚೇರಿಗೋ ಹೊಸದಾಗಿ ಬಂದವರಿದ್ದರೆ ಒಂದು ವಾರ ಜೊತೆಯಲ್ಲಿ ಕರೆದೊಯ್ಯಿರಿ. ಫಾಸ್ಟ್ ಯಾವುದು, ಸ್ಲೋ ಯಾವುದು, ಯಾವ ಕಡೆ ಇಳಿಯಬೇಕು ಎಂಬುದನ್ನು ತೋರಿಸಿಕೊಡಿ. ನಿಮ್ಮ ಗ್ರೂಪಿನವರ ಪರಿಚಯ ಮಾಡಿಸಿ. ಇದಕ್ಕೆ ಖರ್ಚೇನೂ ಇಲ್ಲ. ಊರಿನಲ್ಲಿ ಅವರ ತಾಯಿ ನೆಮ್ಮದಿಯಿಂದಿರುತ್ತಾರೆ.