ಟೋಪಿಗೆ ಸ್ನಾನ ಮಾಡಿಸುವ ಮುನ್ನ

ಗಾಲ್ಫ್ ಆಟದಲ್ಲಿ ಓಡುವುದಿಲ್ಲ, ಹಾರುವುದಿಲ್ಲ, ಮೈಗೆ ಮೈ ತಾಗುವುದೂ ಇಲ್ಲ. ಹಾಗಿದ್ದೂ 18 ಕುಳಿಗಳ ಒಂದು ಸುತ್ತು ಮುಗಿಯುವ ಹೊತ್ತಿಗೆ ಆಟಗಾರ ಆರೇಳು ಕಿಲೋಮೀಟರ್ ನಡೆದಿರುತ್ತಾನೆ. ನಾಲ್ಕು ಗಂಟೆ ಬಯಲ ಬಿಸಿಲಿನಲ್ಲಿ ಇದ್ದಿರುತ್ತಾನೆ. ಅವನ ಜೊತೆಗೆ ಚೀಲ ಹೊತ್ತು ಅಷ್ಟೇ ದೂರ ನಡೆಯುವ ಕ್ಯಾಡಿಯ ಪಾಡು ಕೇಳುವುದೇ ಬೇಡ. ಇಬ್ಬರ ತಲೆಯ ಮೇಲೂ ಟೋಪಿ. ಕೆಲವೇ ವಾರಗಳಲ್ಲಿ ಇಬ್ಬರ ಟೋಪಿಯ ಮೇಲೂ ಅಲೆ ಅಲೆಯಾದ ಬಿಳಿ ಗೆರೆಗಳು, ಹಣೆ ತಾಗುವ ಕಡೆ ಕಂದು ಜಿಡ್ಡು, ಜೊತೆಗೊಂದು ಕಮಟು ವಾಸನೆ.

ಆಟಗಾರ ಅದನ್ನು ಮನೆಯ ಬಟ್ಟೆಗಳ ಜೊತೆ ವಾಷಿಂಗ್ ಮೆಷೀನಿಗೆ ಹಾಕುತ್ತಾನೆ. ಕ್ಯಾಡಿ ಬಟ್ಟೆ ಸೋಪು ಉಜ್ಜಿ ಕಲ್ಲಿನ ಮೇಲೆ ನಾಲ್ಕು ಬಡಿಯುತ್ತಾನೆ. ಫಲ ಮಾತ್ರ ಒಂದೇ. ಟೋಪಿ ಸೊಟ್ಟಗಾಗುತ್ತದೆ, ತಲೆಗೆ ಬಿಗಿಯಾಗುತ್ತದೆ, ಹಳದಿ ಕಲೆ ಹೋಗುವುದರ ಬದಲು ಇನ್ನಷ್ಟು ಗಾಢವಾಗುತ್ತದೆ. ಆಮೇಲೆ ಟೋಪಿ ಗೂಟಕ್ಕೆ, ತಲೆ ಬಿಸಿಲಿಗೆ. ಆಟಗಾರ ಹೊಸದೊಂದನ್ನು ಕೊಂಡಾನು. ದಿನವೂ ಬಿಸಿಲಿನಲ್ಲೇ ದುಡಿಯುವವನಿಗೆ ಅದು ಅಷ್ಟು ಸುಲಭವಲ್ಲ.

ಈ ಆಟ ಮೂಲತಃ ಸ್ಕಾಟ್ಲೆಂಡಿನ ಕಡಲತೀರದ್ದು. ಅಲ್ಲಿ ಟೋಪಿ ಬೇಕಾಗಿದ್ದುದು ಚಳಿಗಾಳಿಗೆ, ಜಿನುಗು ಮಳೆಗೆ. ಹಾಗಾಗಿ ಉಣ್ಣೆಯ ಟೋಪಿ. ಬ್ರಿಟಿಷರ ಜೊತೆ ಆಟ ಭಾರತಕ್ಕೆ ಬಂತು. 1829ರಲ್ಲಿ ಕಲ್ಕತ್ತದಲ್ಲಿ ಕ್ಲಬ್ಬು ಹುಟ್ಟಿತು, 1876ರಲ್ಲಿ ಬೆಂಗಳೂರಿನಲ್ಲಿ. ಇಲ್ಲಿ ಟೋಪಿಯ ಕೆಲಸವೇ ಬದಲಾಯಿತು. ಗಾಳಿಯನ್ನು ತಡೆಯುತ್ತಿದ್ದದ್ದು ಸೂರ್ಯನನ್ನು ತಡೆಯಬೇಕಾಯಿತು, ಬೆವರನ್ನು ಕುಡಿಯಬೇಕಾಯಿತು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದದ್ದು 2021ರ ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ. ಅಂದು ಅವರ ಚೀಲ ಹೊತ್ತು ನಡೆದವರು ಅವರ ತಾಯಿ. ಅಂಥ ದಿನ ತಲೆಯ ಮೇಲಿನ ಬಟ್ಟೆ ಅಲಂಕಾರದ ವಸ್ತುವಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳೆ ಒಂದಲ್ಲ, ಮೂರು

ಟೋಪಿ ಒಗೆಯುವಾಗ ನಾವು ಮಾಡುವ ಮೊದಲ ತಪ್ಪು, ಎಲ್ಲವನ್ನೂ ಸೇರಿಸಿ ‘ಕೊಳೆ’ ಎಂದುಬಿಡುವುದು. ಅಲ್ಲಿ ಇರುವುದು ಬೇರೆ ಬೇರೆ ಸ್ವಭಾವದ ಮೂರು ವಸ್ತುಗಳು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದು.

ಬಿಳಿ ಗೆರೆಯನ್ನೇ ತೆಗೆದುಕೊಳ್ಳಿ. ಬೆವರಿನಲ್ಲಿ ಶೇಕಡಾ 99ರಷ್ಟು ನೀರೇ. ಉಳಿದುದರಲ್ಲಿ ಹೆಚ್ಚಿನದು ಅಡುಗೆ ಉಪ್ಪು. ಸೀಮೆಸುಣ್ಣದ ಮೇಲೆ ಶಾಯಿಯ ಚುಕ್ಕೆ ಇಟ್ಟು ಅದರ ಬುಡವನ್ನು ನೀರಿನಲ್ಲಿ ನಿಲ್ಲಿಸಿದರೆ ನೀರು ಮೇಲೇರುತ್ತಾ ಬಣ್ಣವನ್ನೂ ಎಳೆದುಕೊಂಡು ಹೋಗುವುದನ್ನು ಶಾಲೆಯಲ್ಲಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹಣೆಯ ಬೆವರು ನೂಲಿನ ಎಳೆಗಳ ನಡುವೆ ಹಾಗೆಯೇ ಮೇಲೇರುತ್ತದೆ. ಎಲ್ಲಿಯವರೆಗೆ ಒದ್ದೆಯಾಗಿದೆಯೋ ಆ ಅಂಚಿನಲ್ಲಿ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಸೋಮವಾರ ಒಂದು ಅಂಚು, ಬುಧವಾರ ಇನ್ನೊಂದು. ಆ ಗೆರೆಗಳು ಆಟದ ದಿನಚರಿಯೇ ಸರಿ! ಇದನ್ನು ತೆಗೆಯಲು ಸೋಪೇ ಬೇಡ. ನೂರು ಮಿಲಿಲೀಟರ್ ತಣ್ಣೀರಿನಲ್ಲಿ 36 ಗ್ರಾಂ ಉಪ್ಪು ಕರಗುತ್ತದೆ. ಮನೆಗೆ ಬಂದ ಕೂಡಲೇ ನಲ್ಲಿಯ ಕೆಳಗೆ ಹಿಡಿದರೆ ಗೆರೆ ಮಾಯ.

ಎರಡನೆಯದು ಜಿಡ್ಡು. ನೆತ್ತಿಯ ಚರ್ಮ ತಾನೇ ಒಂದು ಬಗೆಯ ಎಣ್ಣೆಯನ್ನು ಸ್ರವಿಸುತ್ತದೆ. ಅದು ಬಟ್ಟೆಗೆ ಅಂಟಿ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿ ದಿನ ಕಳೆದಂತೆ ಹಳದಿಯಾಗುತ್ತದೆ. ನಮ್ಮ ಕಡೆ ಇದಕ್ಕೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಸೇರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ಬಚ್ಚಲುಮನೆಯ ಸೀಸೆಯೇ ಇದಕ್ಕೆ ಸಾಕ್ಷಿ. ಅಂಥ ತಣ್ಣೀರಿನಲ್ಲಿ ಎಷ್ಟು ಉಜ್ಜಿದರೂ ಗಟ್ಟಿಯಾದ ಎಣ್ಣೆ ನೂಲು ಬಿಟ್ಟು ಬರುವುದಿಲ್ಲ. ಕುದಿಯುವ ನೀರು ಹಾಕಿದರೆ ಟೋಪಿ ಕುಗ್ಗುತ್ತದೆ. ಆದ್ದರಿಂದ ಉಗುರುಬೆಚ್ಚಗಿನ ನೀರು. ಕೈ ಮುಳುಗಿಸಿದರೆ ಹಿತವೆನಿಸುವಷ್ಟು, ಅಂದರೆ 35ರಿಂದ 40 ಡಿಗ್ರಿ.

ಮೂರನೆಯದು ಇತ್ತೀಚಿನ ಅತಿಥಿ. ಬಿಸಿಲಿಗೆಂದು ಮುಖಕ್ಕೆ ಬಳಿದುಕೊಳ್ಳುವ ಸನ್‌ಸ್ಕ್ರೀನ್ ಲೇಪಗಳಲ್ಲಿ ಹಲವಕ್ಕೆ ಅವೊಬೆನ್ಜೋನ್ ಎಂಬ ರಾಸಾಯನಿಕ ಹಾಕುತ್ತಾರೆ. ಅತಿನೇರಳೆ ಕಿರಣಗಳನ್ನು ಹೀರುವುದು ಅದರ ಕೆಲಸ. ಅದಕ್ಕೆ ಕಬ್ಬಿಣದ ಅಂಶ ಸಿಕ್ಕಿದರೆ ತುಕ್ಕಿನಂಥ ಕಿತ್ತಳೆ ಬಣ್ಣ ಹುಟ್ಟುತ್ತದೆ. ಕೊಳವೆ ಬಾವಿಯ ನೀರು ಬಕೆಟ್ಟಿಗೆ ಬಿದ್ದಾಗ ತಿಳಿಯಾಗಿದ್ದು, ಸ್ವಲ್ಪ ಹೊತ್ತಿಗೆ ಕೆಂಪಗಾಗುವುದನ್ನು ಅನೇಕರು ಕಂಡಿರಬಹುದು. ನೀರಿನಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಾಗಿ ಬದಲಾಗುವುದರಿಂದ ಹೀಗಾಗುತ್ತದೆ. ಬಿಳಿಯ ಟೋಪಿಯನ್ನು ಅಂಥ ನೀರಿನಲ್ಲಿ ಒಗೆದರೆ, ಒಗೆಯುವ ಮೊದಲು ಇಲ್ಲದ ಕಲೆ ಒಗೆದ ಮೇಲೆ ಕಾಣಿಸಿಕೊಳ್ಳುತ್ತದೆ. ಪಾಪ, ದೋಭಿ ಬೈಸಿಕೊಳ್ಳುತ್ತಾನೆ.

ಇಲ್ಲಿಯೇ ಎರಡನೆಯ ದೊಡ್ಡ ತಪ್ಪು ನಡೆಯುವುದು. ಕಲೆ ಕಂಡೊಡನೆ ಕೈ ಬ್ಲೀಚಿನ ಬಾಟಲಿಗೆ ಹೋಗುತ್ತದೆ. ಬಿಳಿಯದನ್ನು ಬೆಳ್ಳಗಾಗಿಸಲು ಬ್ಲೀಚ್ ಅಲ್ಲದೆ ಇನ್ನೇನು ಎಂಬ ನಂಬಿಕೆ. ಆದರೆ ಕ್ಲೋರಿನ್ ಇರುವ ಬ್ಲೀಚ್ ಬೆವರಿನ ಸಾರಜನಕಯುಕ್ತ ಅಂಶಗಳೊಂದಿಗೆ ಸೇರಿ ಹಳದಿಯನ್ನು ಹೆಚ್ಚಿಸುತ್ತದೆ. ಸನ್‌ಸ್ಕ್ರೀನ್ ಕಲೆಯನ್ನಂತೂ ಇನ್ನಷ್ಟು ಕೆಂಪಾಗಿಸುತ್ತದೆ. ಟೋಪಿಯ ಹಿಂಭಾಗದಲ್ಲಿ ಎಲಾಸ್ಟಿಕ್ ಇದ್ದರೆ ಅದನ್ನು ತಿಂದುಹಾಕುತ್ತದೆ. ಉಣ್ಣೆಯಾದರೆ ನಿಧಾನವಾಗಿ ಕರಗಿಸಿಯೇಬಿಡುತ್ತದೆ. ಹೋಗಲಿ ಎಂದು ಕಲೆಗೆ ಬ್ಲೀಚಿನ ಜೊತೆ ನಿಂಬೆರಸವನ್ನೋ ವಿನೆಗರನ್ನೋ ಸೇರಿಸುವವರಿದ್ದಾರೆ. ಇದು ಬಲು ಅಪಾಯ. ಬ್ಲೀಚಿಗೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಹೊರಬೀಳುತ್ತದೆ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಅದನ್ನು ಉಸಿರಾಡಿದರೆ ಟೋಪಿಯ ಚಿಂತೆ ಬಿಟ್ಟು ಆಸ್ಪತ್ರೆಯ ಚಿಂತೆ ಮಾಡಬೇಕಾದೀತು.

ಸೂರಿನ ಕೆಳಗೆ ಏನಿದೆ?

ಕೊಳೆಯಂತೆಯೇ ಟೋಪಿಯೂ ಒಂದೇ ವಸ್ತುವಲ್ಲ. ಹಣೆಯ ಮುಂದೆ ಮನೆಯ ಸೂರಿನಂತೆ ಚಾಚಿಕೊಂಡಿರುವ ಭಾಗದ ಒಳಗೆ ಗಟ್ಟಿಯಾದ ಹಾಳೆ ಇದೆ. ಈಗಿನವುಗಳಲ್ಲಿ ಅದು ಸಾಮಾನ್ಯವಾಗಿ ಪ್ಲಾಸ್ಟಿಕ್. ಹಳೆಯವುಗಳಲ್ಲಿ, ಕೆಲವು ಅಗ್ಗದ ಟೋಪಿಗಳಲ್ಲಿ ಬರಿಯ ರಟ್ಟು. ರಟ್ಟು ನೀರು ಕುಡಿದರೆ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬ್ರಹ್ಮನೂ ಅದನ್ನು ನೆಟ್ಟಗೆ ಮಾಡಲಾರ. ಪರೀಕ್ಷೆ ಸುಲಭ. ಸೂರನ್ನು ತುಸು ಬಾಗಿಸಿ ಬಿಡಿ. ಪ್ಲಾಸ್ಟಿಕ್ ಆದರೆ ಪುಟಿದು ಮೊದಲಿನಂತಾಗುತ್ತದೆ. ರಟ್ಟಾದರೆ ಮಡಿಕೆಯ ಗುರುತು ಉಳಿಸಿಕೊಳ್ಳುತ್ತದೆ, ಬೆರಳಿನಿಂದ ತಟ್ಟಿದರೆ ಮಂಕಾಗಿ ಸದ್ದು ಮಾಡುತ್ತದೆ. ಅಂಥ ಟೋಪಿಯನ್ನು ಮುಳುಗಿಸುವಂತಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಬೆವರುಪಟ್ಟಿಯನ್ನಷ್ಟೇ ತೊಳೆಯಬೇಕು.

ಮುಂಭಾಗ ನೆಟ್ಟಗೆ ನಿಲ್ಲಲು ಒಳಗೆ ಬಕ್ರಂ ಕೊಟ್ಟಿರುತ್ತಾರೆ. ಅಂಗಿಯ ಕಾಲರಿಗೆ ದರ್ಜಿ ಇಡುವ ಅದೇ ಬಕ್ರಂ. ಗಂಜಿಯಿಂದಲೋ ಅಂಟಿನಿಂದಲೋ ಬಿರುಸಾದ ಬಟ್ಟೆ ಅದು. ಬಿಸಿನೀರಿನಲ್ಲಿ ಬಹಳ ಹೊತ್ತು ನೆನೆದರೆ ಸೊರಗುತ್ತದೆ. ಹಿಂಡಿದರೆ ಮುರಿಯುತ್ತದೆ. ಮೆಷೀನು ಗಿರ್ರನೆ ತಿರುಗಿ ನೀರು ತೆಗೆಯುವಾಗ ಆಗುವುದೂ ಇದೇ.

ಹಾಗಾದರೆ ಒಗೆಯುವುದು ಹೇಗೆ? ಅಷ್ಟೇನೂ ಕಷ್ಟವಿಲ್ಲ. ಬಣ್ಣದ ಟೋಪಿಯಾದರೆ ಒಳಮಡಿಕೆಯಲ್ಲಿ ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಬೇಕು. ಬಿಟ್ಟರೆ ನೆನೆಸುವ ಮಾತೇ ಇಲ್ಲ. ಮೊದಲು ತಣ್ಣೀರಿನಲ್ಲಿ ಜಾಲಿಸಿ ಉಪ್ಪನ್ನು ಕಳೆಯಬೇಕು. ಬಳಿಕ ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಶಾಂಪೂ. ಹೌದು, ಶಾಂಪೂ! ಟೋಪಿಯಲ್ಲಿರುವುದು ತಲೆಯದೇ ಜಿಡ್ಡು. ಅದನ್ನು ತೆಗೆಯಲೆಂದೇ ತಯಾರಾದದ್ದು ಶಾಂಪೂ. ಬಟ್ಟೆ ಸೋಪಿನಲ್ಲಿ ಕ್ಷಾರದ ಅಂಶ ಹೆಚ್ಚು. ಅಲ್ಲದೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೊಂದಿಗೆ ಸೋಪು ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಒಳಗೆ ಬೂದುಬಣ್ಣದ ಉಂಗುರ ಕಟ್ಟುವ ಈ ಗಸಿಯೇ ಟೋಪಿಯ ನೂಲಿನಲ್ಲೂ ಕೂರುತ್ತದೆ. ಒಗೆದಷ್ಟೂ ಟೋಪಿ ಮಂಕಾಗುವುದರ ಗುಟ್ಟು ಇದು. ಶಾಂಪೂವಿನಲ್ಲಿರುವ ಮಾರ್ಜಕಗಳಿಗೆ ಈ ತೊಂದರೆ ಕಡಿಮೆ. ಅಂಟುವಾಳದ ನೊರೆಯಿಂದಲೂ ಒಗೆಯಬಹುದು. ಗಾಢ ಬಣ್ಣದ ಟೋಪಿಗೆ ಅದು ಒಳ್ಳೆಯದೇ. ಬಿಳಿಯದಕ್ಕೆ ಮಾತ್ರ ಬೇಡ, ಅಂಟುವಾಳದ ಕಂದು ಬಣ್ಣ ಹತ್ತೀತು.

ಇಪ್ಪತ್ತು ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೆವರುಪಟ್ಟಿಯನ್ನು ಹಗುರವಾಗಿ ಉಜ್ಜಬೇಕು. ಕೊಳೆಯ ಮುಕ್ಕಾಲು ಪಾಲು ಇರುವುದು ಆ ಪಟ್ಟಿಯಲ್ಲೇ. ಮೇಲ್ಭಾಗವನ್ನು ತಿಕ್ಕಿ ತಿಕ್ಕಿ ಕಸೂತಿಯ ಎಳೆ ಕೀಳುವುದು ವ್ಯರ್ಥ ಶ್ರಮ. ಬಳಿಕ ನೊರೆ ಬರುವುದು ನಿಲ್ಲುವವರೆಗೆ ಜಾಲಿಸುವುದು. ಕಿತ್ತಳೆ ಕಲೆ ಇದ್ದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಕಲೆಯ ಮೇಲೆ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಅದರ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತದೆ. ಬಣ್ಣದ ಬಟ್ಟೆಯಾದರೆ ಮೂಲೆಯಲ್ಲಿ ಪ್ರಯೋಗಿಸಿ ನೋಡಿಯೇ ಮುಂದುವರಿಯುವುದು ಕ್ಷೇಮ.

ಈಚಿನ ದುಬಾರಿ ಟೋಪಿಗಳು ಹತ್ತಿಯವಲ್ಲ, ಪಾಲಿಯೆಸ್ಟರ್. ಒಗೆದರೆ ಬೇಗ ಒಣಗುತ್ತವೆ ಎಂಬುದು ಅವುಗಳ ಹೆಗ್ಗಳಿಕೆ. ಕಾರಣ ಸರಳ. ಹತ್ತಿಯ ನೂಲು ಗಾಳಿಯಿಂದಲೇ ತನ್ನ ತೂಕದ ಶೇಕಡಾ 8ರಷ್ಟು ತೇವ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಶೇಕಡಾವನ್ನೂ ಹೀರುವುದಿಲ್ಲ. ಆದರೆ ನೀರನ್ನು ದೂರವಿಡುವ ಈ ನೂಲಿಗೆ ಎಣ್ಣೆಯ ಮೇಲೆ ಎಲ್ಲಿಲ್ಲದ ಪ್ರೀತಿ. ಅದಕ್ಕೇ ಅವುಗಳಲ್ಲಿ ವಾಸನೆ ಬೇಗ ನಿಲ್ಲುತ್ತದೆ. ಬಟ್ಟೆ ಮೃದುವಾಗಲೆಂದು ಕೊನೆಯಲ್ಲಿ ಹಾಕುವ ಸುಗಂಧ ದ್ರವವನ್ನು ಇವಕ್ಕೆ ಬಳಸಲೇಬಾರದು. ಅದು ನೂಲಿನ ಮೇಲೆ ಜಿಡ್ಡಿನ ತೆಳು ಹೊದಿಕೆಯಾಗಿ ಕೂತು, ಬೆವರನ್ನು ಹರಡಿ ಒಣಗಿಸುವ ಗುಣವನ್ನೇ ಕೆಡಿಸುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡ ಟೋಪಿಗೆ ಇನ್ನಷ್ಟು ಹಣ ಕೊಟ್ಟು ನಾವೇ ಟೋಪಿ ಹಾಕಿದಂತೆ!

ಅಮೆರಿಕದಲ್ಲಿ ಕೆಲವರು ಟೋಪಿಯನ್ನು ಪಾತ್ರೆ ತೊಳೆಯುವ ಯಂತ್ರದಲ್ಲಿಟ್ಟು ತೊಳೆಯುತ್ತಾರೆ. ಎಂಜಲು ತಟ್ಟೆಗೆಂದು ಮಾಡಿದ ಕಟುವಾದ ಪುಡಿ, ಸುಡುವ ನೀರು. ಅನುಕರಣೆಗೆ ಯೋಗ್ಯವಲ್ಲ.

ಹುಲ್ಲಿನ ಟೋಪಿ ಧರಿಸುವವರೂ ಇದ್ದಾರೆ. ಅಮೆರಿಕದ ಸ್ಯಾಮ್ ಸ್ನೀಡ್, ಆಸ್ಟ್ರೇಲಿಯಾದ ಗ್ರೆಗ್ ನಾರ್ಮನ್ ಎಂದರೆ ಇಂದಿಗೂ ಅಭಿಮಾನಿಗಳ ಕಣ್ಣ ಮುಂದೆ ಬರುವುದು ಹುಲ್ಲಿನ ಟೋಪಿಯೇ. ಪನಾಮ ಎಂದು ಹೆಸರಾದ ಟೋಪಿ ಪನಾಮದ್ದಲ್ಲ. ಈಕ್ವೆಡಾರ್ ದೇಶದಲ್ಲಿ ತೋಕಿಯಾ ಎಂಬ ಗಿಡದ ಎಳೆಗಳಿಂದ ಹೆಣೆದದ್ದು. ಆ ಹೆಣಿಗೆಯ ವಿದ್ಯೆಯನ್ನು 2012ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥದನ್ನು ನೀರಿನಲ್ಲಿ ಅದ್ದಬಾರದು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನೆತ್ತಿಯನ್ನು ಚಿವುಟಿ ಎತ್ತುವ ಅಭ್ಯಾಸದಿಂದ ಹುಲ್ಲು ಅಲ್ಲಿಯೇ ಸೀಳುತ್ತದೆ. ಅಂಚು ಹಿಡಿದು ಎತ್ತಬೇಕು. ಉಣ್ಣೆಯದಾದರೆ ತಣ್ಣೀರು, ತಿಕ್ಕದ ಕೈ. ಉಣ್ಣೆಯ ಎಳೆಯ ಮೇಲೆ ಮೀನಿನಂತೆ ಹುರುಪೆಗಳಿವೆ. ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಟೋಪಿ ಮಗುವಿನ ತಲೆಯ ಅಳತೆಗೆ ಇಳಿಯುತ್ತದೆ.

ಒಣಗಿಸುವುದರಲ್ಲಿ ಅರ್ಧ ಟೋಪಿ

ಚೆನ್ನಾಗಿ ಒಗೆದು ಕೆಟ್ಟದಾಗಿ ಒಣಗಿಸಿದರೆ ಮಾಡಿದ್ದೆಲ್ಲಾ ನೀರುಪಾಲು. ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದ ಟೋಪಿ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ತಲೆಯ ಅಳತೆಯ ಬೋಗುಣಿಯನ್ನು ಬೋರಲು ಹಾಕಿ, ಮೇಲೆ ಒಣ ಟವಲು ಹೊದಿಸಿ, ಅದಕ್ಕೆ ಟೋಪಿ ತೊಡಿಸಿ ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಬೇಕು. ಸೂರಿನ ಬಾಗನ್ನು ಒದ್ದೆಯಿರುವಾಗಲೇ ಕೈಯಿಂದ ತಿದ್ದಿದರೆ ಒಣಗಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಬಿಸಿಲಿಗೆಂದೇ ಮಾಡಿದ ಟೋಪಿಯನ್ನು ನೆರಳಿನಲ್ಲಿ ಒಣಗಿಸುವುದು ವಿಚಿತ್ರವೆನಿಸಬಹುದು. ಆದರೆ ಬಣ್ಣದ ಅಣುಗಳನ್ನು ಒಡೆಯುವುದು ಅದೇ ಬಿಸಿಲು. ಆಟದ ನಾಲ್ಕು ಗಂಟೆ ಅದಕ್ಕೆ ಸಾಕಷ್ಟಾಯಿತು.

ಆಟ ಮುಗಿದೊಡನೆ ಟೋಪಿಯನ್ನು ಚೀಲದ ಜೇಬಿಗೆ ತುರುಕಿ ಜಿಪ್ ಎಳೆದು ಕಾರಿನ ಡಿಕ್ಕಿಗೆ ಹಾಕುವುದು ಬಹುಜನರ ಪದ್ಧತಿ. ತೇವ, ಕತ್ತಲೆ, ಬೆಚ್ಚಗಿನ ಗಾಳಿ, ಬೆವರಿನ ಊಟ; ಬೂಷ್ಟಿಗೆ ಇನ್ನೇನು ಬೇಕು? ಕೊಡಗಿನಲ್ಲಿ ಮಡಿಕೇರಿಯಲ್ಲೂ ವಿರಾಜಪೇಟೆಯ ಬಳಿ ಬಿಟ್ಟಂಗಾಲದಲ್ಲೂ ಗಾಲ್ಫ್ ಮೈದಾನಗಳಿವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಗೋಡೆಗೆ, ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಟೋಪಿ ಯಾವ ಲೆಕ್ಕ! ಹತ್ತಿಯ ಮೇಲೆ ಒಮ್ಮೆ ಕಪ್ಪು ಚುಕ್ಕೆ ಮೂಡಿತೆಂದರೆ ಬಹುತೇಕ ಶಾಶ್ವತ. ಮಳೆಗಾಲದಲ್ಲಿ ಒಲೆಯಿರುವ ಅಡುಗೆಮನೆಯ ಗೋಡೆಯ ಮೊಳೆಯೇ ಟೋಪಿಗೆ ತಕ್ಕ ಜಾಗ.

ಇಷ್ಟೆಲ್ಲ ಜೋಪಾನ ಬರಿಯ ಅಂದಕ್ಕಲ್ಲ. ಬಿಗಿಯಾದ ನೇಯ್ಗೆಯ ಟೋಪಿ ಅತಿನೇರಳೆ ಕಿರಣಗಳ ಬಹುಪಾಲನ್ನು ತಡೆಯುತ್ತದೆ. ಎಳೆದು ಸಡಿಲವಾದ, ಬ್ಲೀಚಿನಿಂದ ಸವೆದ ಬಟ್ಟೆಯ ಸಂದುಗಳಲ್ಲಿ ಅವು ಸುಲಭವಾಗಿ ನುಸುಳುತ್ತವೆ. ಒದ್ದೆಯಾದ ತೆಳು ಹತ್ತಿಯಲ್ಲಿ ಇನ್ನೂ ಸುಲಭ. ಇನ್ನು ಸೂರಿನ ಟೋಪಿ ಎಷ್ಟು ಚೆನ್ನಾಗಿದ್ದರೂ ಕಿವಿ ಮತ್ತು ಕತ್ತಿನ ಹಿಂಭಾಗವನ್ನು ಮುಚ್ಚುವುದಿಲ್ಲ. ಸುತ್ತಲೂ ಮೂರು ಅಂಗುಲ ಅಂಚಿರುವ ಟೋಪಿಯನ್ನು ಚರ್ಮತಜ್ಞರು ಹೇಳುವುದು ಅದಕ್ಕೇ. ಆಟಗಾರ ವಾರಕ್ಕೆ ಎರಡು ದಿನ ಬಿಸಿಲಿಗೆ ಬರುತ್ತಾನೆ. ಕ್ಯಾಡಿಗೆ, ಹುಲ್ಲು ಕತ್ತರಿಸುವವನಿಗೆ ವಾರವಿಡೀ ಬಿಸಿಲು. ಅಂಥವರಿಗೆ ಟೋಪಿ ಕೊಡುವ ಕಡೆ ಒಂದರ ಬದಲು ಎರಡು ಕೊಟ್ಟರೆ ಒಂದು ಬೋಗುಣಿಯ ಮೇಲೆ ಒಣಗುತ್ತಿರುವಾಗ ಇನ್ನೊಂದು ತಲೆಯ ಮೇಲಿರುತ್ತದೆ. ಬೆವರು ಆರದ ಟೋಪಿಯನ್ನೇ ಮರುದಿನ ಮುಂಜಾನೆ ಆರು ಗಂಟೆಗೆ ಮತ್ತೆ ತೊಡಬೇಕಾಗುವುದಿಲ್ಲ.